ಅತ್ತಿಗೆಯ ಟೋಫು

ಅತ್ತಿಗೆಯ ಮನೆಗೆ ಟೋಫು ಬಂದದ್ದು ಅವರಿಗೆ ಆ ದೊಡ್ಡ ಜ್ವರ ಬಂದು ಹೋದ ಮೇಲೆ. ಅದಕ್ಕೆ ಮುಂಚೆ ಅದರ ಹೆಸರೆತ್ತಿದರೂ ಮೂಗು ಮುರಿಯುತ್ತಿದ್ದರು. "ಸೋಯಾ ಹಾಲು ಒಡೆದು ಗಟ್ಟಿ ಮಾಡಿದ್ದಕ್ಕೆ ಇಷ್ಟೊಂದು ಮೆರೆಸ್ತೀರಲ್ಲ" ಎಂದು ಅಂಗಡಿಯವನ ಮುಖಕ್ಕೇ ಹೇಳಿದ್ದರು. ಅಂಥವರು ಇದ್ದಕ್ಕಿದ್ದಂತೆ ದಿನ ಬಿಟ್ಟು ದಿನ ಅದನ್ನೇ ಬೇಯಿಸತೊಡಗಿದಾಗ ಮನೆಯವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಯಾಕೋ ಸರಿ ಕಾಣಲಿಲ್ಲ.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಮಗ, ಸೊಸೆ, ಮೊಮ್ಮಗಳ ಜೊತೆ ಮೂರನೇ ಮಹಡಿಯಲ್ಲಿದ್ದಾರೆ. ಅದೇ ಕಟ್ಟಡದ ಕೆಳಗೆ ನನ್ನ ಹೊಲಿಗೆ ಅಂಗಡಿ, ಅದರ ಹಿಂದಿನ ಕೋಣೆಯೇ ನನ್ನ ಮನೆ. ಅತ್ತಿಗೆ ತಮ್ಮ ವಯಸ್ಸನ್ನೆಲ್ಲ ಸವೆಸಿದ್ದು ಒಂದು ಲಾಂಡ್ರಿಯ ಕೌಂಟರಿನಲ್ಲಿ. ಬಟ್ಟೆ ಕೈಗೆ ಬಂದ ಕೂಡಲೇ ಮೂಗಿಗೆ ಹಿಡಿದು, ಇದು ಅಡುಗೆ ಎಣ್ಣೆ, ಇದು ಪೆಟ್ರೋಲು, ಇದು ಬೆಕ್ಕಿನ ಕೆಲಸ ಎಂದು ಬೇರೆ ಬೇರೆ ಬುಟ್ಟಿಗೆ ಎಸೆಯುತ್ತಿದ್ದರು. ಒಮ್ಮೆ ಯಾರದೋ ಕೋಟು ಮೂಸಿ, "ಸಿಗರೇಟು ಬಿಟ್ಟಿದ್ದೀನಿ ಅಂತ ಮನೇಲಿ ಹೇಳಿದ್ದೀರಾ? ಹಾಗಾದ್ರೆ ಎರಡು ಸಲ ಒಗೆಸ್ತೀನಿ ಬಿಡಿ" ಎಂದಿದ್ದರಂತೆ. ಅಣ್ಣ ಅವರನ್ನು ಪೊಲೀಸ್ ನಾಯಿ ಎಂದೇ ಕರೆಯುತ್ತಿದ್ದ. ಅತ್ತಿಗೆಗೆ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆಯಿತ್ತು.

ಜ್ವರ ಹೋಗುವಾಗ ಆ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಅತ್ತಿಗೆ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ತಿಳಿದದ್ದು ಒಂದು ಸೋಮವಾರ, ಮೊಮ್ಮಗಳಿಗೆ ಹೊಲಿದ ಫ್ರಾಕು ಕೊಡಲು ಮೇಲೆ ಹೋದಾಗ.

ಅಡುಗೆಮನೆಯಲ್ಲಿ ಒಂದು ಟೋಫು ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ನೀರು ಇಳಿಯಲೆಂದು ಮೇಲೆ ತುಂಬಿದ ಪಾತ್ರೆ ಹೇರಿದ್ದರು. ಒಲೆಯ ಮೇಲೆ ಬಾಣಲೆಯಿತ್ತು. ನಾವಿಬ್ಬರೂ ಹೊರಗಿನ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾಗ ಬೆಳ್ಳುಳ್ಳಿ ಸೀದ ವಾಸನೆ ನನ್ನ ಮೂಗಿಗೆ ಬಡಿಯಿತು. ಅತ್ತಿಗೆ ಮಾತ್ರ ಪಕ್ಕದ ಮನೆಯ ಗೊರಕೆಯ ಕತೆ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಒಳಗಿನಿಂದ ಮಗು ಕೂಗಿತು.

"ಅಜ್ಜೀ, ಕಪ್ಪು ವಾಸನೆ."

ಅತ್ತಿಗೆ ಎದ್ದು ಓಡಿದರು. ನಾನೂ ಹಿಂದೆಯೇ ಹೋದೆ. ಒಲೆ ಆರಿಸಿ, ಬಾಣಲೆ ಪಕ್ಕಕ್ಕಿಟ್ಟು, ಫ್ರಿಜ್ಜಿನಿಂದ ಇನ್ನೊಂದು ಟೋಫು ಪೊಟ್ಟಣ ತೆಗೆದು ಕತ್ತರಿಸಿದರು. ಅದನ್ನು ತಾವು ಮೂಸಲಿಲ್ಲ. ಬಗ್ಗಿ ಮಗುವಿನ ಮೂಗಿನ ಹತ್ತಿರ ಹಿಡಿದರು. "ನೋಡು ಚಿನ್ನ, ಒಳ್ಳೇದಾ, ಹುಳೀನಾ?"

ಮಗು ಕಣ್ಣು ಮುಚ್ಚಿ, ದೊಡ್ಡವರ ಗತ್ತಿನಲ್ಲಿ ಉಸಿರೆಳೆದುಕೊಂಡು, "ಹುಳಿ" ಎಂದಿತು. ಅತ್ತಿಗೆ ಕೂಡಲೇ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿದರು.

ಮಗುವನ್ನು ಆಟಕ್ಕೆ ಕಳಿಸಿ ನೇರವಾಗಿಯೇ ಕೇಳಿದೆ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ, ಕೋಪವೂ ಮೂಗಿನ ತುದಿಯಲ್ಲೇ ಇರುತ್ತದೆ. "ಎಷ್ಟು ದಿನದಿಂದ ಹೀಗೆ, ಅತ್ತಿಗೆ?"

"ಮೆಲ್ಲಗೆ ಮಾತಾಡು" ಎಂದರು ಅವರು. "ಜ್ವರ ಬಿಟ್ಟಾಗಿನಿಂದ. ಬಾಯಿಗೂ ರುಚಿ ಇಲ್ಲ, ಮಣ್ಣು ತಿಂದ ಹಾಗಿರುತ್ತೆ. ನಮ್ಮ ಮಾಮೂಲಿ ಅಡುಗೆ ಮಾಡಿದ್ರೆ ಉಪ್ಪು ಹೆಚ್ಚಾಯ್ತು, ಖಾರ ಕಮ್ಮಿ ಆಯ್ತು ಅಂತ ಮಗ ತಟ್ಟೆ ಸರಿಸ್ತಿದ್ದ. ಟೋಫುವಿನ ರುಚಿ ಹೇಗಿರಬೇಕು ಅಂತ ಈ ಮನೇಲಿ ಯಾರಿಗೆ ಗೊತ್ತು ಹೇಳು? ಎರಡು ಚಮಚ ಸೋಯಾ ಸಾಸು, ಒಂದು ಚಮಚ ವಿನೆಗರು, ಚೂರು ಶುಂಠಿ. ಅಳೆದು ಹಾಕಿದ್ರೆ ಮುಗೀತು. ಎಣ್ಣೆಗೆ ಬಿಟ್ಟಾಗ ಜೋರಾಗಿ ಚಟಪಟ ಅನ್ನುತ್ತೆ, ನೀರು ಆರಿದ ಮೇಲೆ ಸದ್ದು ಸಣ್ಣಗಾಗುತ್ತೆ, ಆಗ ತಿರುಗಿಸಿಬಿಡೋದು. ಕಿವಿ ಇದ್ರೆ ಸಾಕು. ಮಗ ಎರಡು ಸಲ ಹಾಕಿಸ್ಕೊಂಡು ತಿಂತಾನೆ."

ಹೇಳುವಾಗ ಅವರ ಮುಖದಲ್ಲಿ ಒಂದು ಚೂರು ನಗುವಿತ್ತು. ಮಗ ಸೊಸೆಯ ಕಣ್ಣಿಗೆ ಮಣ್ಣೆರಚಿದ ಜಾಣತನಕ್ಕೆ ಬೇರೆ ಸಮಯದಲ್ಲಾಗಿದ್ದರೆ ನಾನೂ ನಗುತ್ತಿದ್ದೆ.

"ಗ್ಯಾಸ್ ಸೋರಿದ್ರೆ?"

"ಅವಳಿದ್ದಾಳಲ್ಲ."

"ಅವಳಿಗಿನ್ನೂ ಐದು ತುಂಬಿಲ್ಲ ಅತ್ತಿಗೆ. ನಿಮಗೇನು ತಲೆ ಕೆಟ್ಟಿದೆಯಾ?"

ಅವರ ಕಣ್ಣು ತುಂಬಿ ಬಂತು. ಮಗುವನ್ನು ಶಿಶುವಿಹಾರಕ್ಕೆ ಹಾಕುವ ಮಾತನ್ನು ಸೊಸೆ ಆಗಲೇ ಒಂದೆರಡು ಸಲ ಎತ್ತಿದ್ದಳು. ಅಜ್ಜಿಗೆ ಹೀಗಾಗಿದೆ ಎಂದು ತಿಳಿದರೆ ಮಾರನೇ ದಿನವೇ ಸೇರಿಸಿಬಿಡುತ್ತಾಳೆ. "ಬೆಳಿಗ್ಗೆಯಿಂದ ಸಂಜೆ ತನಕ ಈ ಗೋಡೆ ನೋಡ್ಕೊಂಡು ಕೂತ್ಕೊಳ್ಳಲಾ ನಾನು? ನಿಮ್ಮಣ್ಣ ಹೋದ ಮೇಲೆ ಉಳಿದಿರೋದು ಅವಳೊಬ್ಬಳೇ. ಅವಳನ್ನೂ ಕಿತ್ಕೊಂಡ್ರೆ ನಿನಗೆ ಪುಣ್ಯ ಬರುತ್ತಾ?"

ನನಗೂ ಸಂಕಟವಾಯಿತು. ಆದರೂ ಗಟ್ಟಿ ಮನಸ್ಸು ಮಾಡಿ ಹೇಳಿದೆ. "ಭಾನುವಾರ ಮಗ ಮನೇಲಿರ್ತಾನೆ. ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ." ಅವರು ಬಟ್ಟೆಯೊಳಗಿನ ಟೋಫುವನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತುತ್ತಾ ನಿಂತರು.

ಅಲ್ಲಿಂದ ಮುಂದೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೆಷಿನ್ ತುಳಿಯುತ್ತಾ ತುಳಿಯುತ್ತಾ ನಿಲ್ಲಿಸಿ ಗಾಳಿ ಮೂಸುವುದೇ ಕೆಲಸವಾಯಿತು. ಬೀದಿಯ ಬೇಕರಿಯಲ್ಲಿ ಬ್ರೆಡ್ಡು ಸೀದರೂ ಮೆಟ್ಟಿಲವರೆಗೆ ಓಡಿಹೋಗಿ ಬರುತ್ತಿದ್ದೆ. ಕಾಜ ಹಾಕಿಸಲು ಬಂದ ಹುಡುಗಿಯೊಬ್ಬಳು, "ಏನಾಂಟಿ, ನೀವೂ ನಿಮ್ಮತ್ತಿಗೆ ಥರ ಆಗ್ಬಿಟ್ರಾ?" ಎಂದು ಕಿಚಾಯಿಸಿದಳು. ನನಗೆ ನಗು ಬರಲಿಲ್ಲ.

ಗುರುವಾರ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟವಳು ಅಂಗಡಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಮಗೂಗೆ ರಾತ್ರಿಯಿಂದ ನೆಗಡಿ, ಬಿಡುವಾದ್ರೆ ಸ್ವಲ್ಪ ನೋಡ್ಕೊಂಡು ಬನ್ನಿ" ಎಂದಳು. ಮುಂದೆ ಅಳತೆ ಕೊಡಲು ಬಂದವರು ನಿಂತಿದ್ದರು. ನಾನು ತಲೆಯಾಡಿಸಿ ಟೇಪು ಕೈಗೆತ್ತಿಕೊಂಡೆ. ಅವಳು ಏನು ಹೇಳಿ ಹೋದಳೆಂಬುದು ನನ್ನ ತಲೆಗೆ ಇಳಿಯುವಷ್ಟರಲ್ಲಿ ಒಂದು ಕೋಟಿನ ತೋಳು ಕತ್ತರಿಸಿ ಮುಗಿದಿತ್ತು. ಕತ್ತರಿ ಅಲ್ಲೇ ಬಿಸಾಕಿ ಮೆಟ್ಟಿಲಿಗೆ ಓಡಿದೆ.

ಎರಡನೇ ಮಹಡಿ ದಾಟುವಾಗಲೇ ವಾಸನೆ ಸಿಕ್ಕಿತು. ಅನುಮಾನವೇ ಇಲ್ಲ, ಗ್ಯಾಸು. ಬೆಲ್ ಒತ್ತಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಬಾಗಿಲು ಗುದ್ದಿದೆ. ಚಿಲಕ ತೆಗೆದದ್ದು ಮಗು. ಮೂಗು ಕೆಂಪಾಗಿ, ಬಾಯಲ್ಲಿ ಉಸಿರಾಡುತ್ತಿತ್ತು. "ಕೆಳಗಿನಜ್ಜಿ ಬಂದ್ರು" ಎಂದಿತು.

"ಬಾ, ಕೂತ್ಕೋ" ಎನ್ನುತ್ತಾ ಅತ್ತಿಗೆ ಅಡುಗೆಮನೆಯ ಕಡೆ ಹೊರಟಿದ್ದರು. "ಮಗೂಗೆ ಅಂತ ಟೋಫು ಸೂಪಿಗೆ ಇಟ್ಟಿದ್ದೆ, ಉಕ್ಕಿ ಒಲೆ ಆರಿಹೋಗಿದೆ. ಯಾವಾಗ ಆರಿತೋ, ನೋಡೇ ಇಲ್ಲ. ಹಚ್ಚಿ ಬಂದೆ ಇರು."

ಅವರ ಕೈಯಲ್ಲಿ ಲೈಟರ್ ಇತ್ತು. ನಾನು ಹೇಗೆ ಆ ಕೋಣೆ ದಾಟಿದೆನೋ ಗೊತ್ತಿಲ್ಲ. ಅವರ ಮಣಿಕಟ್ಟು ಹಿಡಿದು ತಿರುಚಿದೆ, ಲೈಟರ್ ನನ್ನ ಮುಷ್ಟಿಗೆ ಬಂತು. ಒಲೆಯ ತಿರುಪು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ಇಬ್ಬರನ್ನೂ ಮೆಟ್ಟಿಲ ಮೇಲೆ ತಂದು ಕೂರಿಸಿದೆ. ಅತ್ತಿಗೆಗೆ ಆಗ ಅರ್ಥವಾಯಿತು. ಹಲ್ಲು ಕಟಕಟನೆ ಬಡಿದುಕೊಳ್ಳುವಷ್ಟು ನಡುಗತೊಡಗಿದರು.

ನಾನು ಬಾಯಿಗೆ ಬಂದಂತೆ ಬೈದೆ. ದೊಡ್ಡವರು ಎಂಬುದನ್ನೂ ನೋಡಲಿಲ್ಲ. ಮಗು ನನ್ನ ಸೆರಗು ಹಿಡಿದು ಜಗ್ಗಿತು.

"ಅಜ್ಜಿಗೆ ಬೈಬೇಡಿ. ಅಜ್ಜಿ ನನ್ನ ಕೇಳಿದ್ಲು, ಎಲ್ಲ ಒಳ್ಳೇ ವಾಸನೇನಾ ಅಂತ. ನಾನೇ ಒಳ್ಳೇದು ಅಂದೆ."

"ಯಾಕಮ್ಮ ಹಾಗಂದೆ?"

ಹೇಳಬಹುದೋ ಬಾರದೋ ಎಂಬಂತೆ ಮಗು ಅಜ್ಜಿಯ ಮುಖ ನೋಡಿತು. ಆಮೇಲೆ ಅಳುತ್ತಾ ಹೇಳಿತು. "ನಂಗೆ ಏನೂ ವಾಸನೆ ಬರ್ಲಿಲ್ಲ. ಬರಲ್ಲ ಅಂತ ಹೇಳಿದ್ರೆ ನನ್ನ ಶಿಶುವಿಹಾರಕ್ಕೆ ಕಳಿಸ್ಬಿಡ್ತಾರಲ್ಲ. ಅದಕ್ಕೇ ಯಾರಿಗೂ ಹೇಳ್ಬಾರ್ದು ಅಂತ ಅಜ್ಜೀನೇ ಹೇಳಿರೋದು."

ಅತ್ತಿಗೆಯ ನಡುಕ ನಿಂತುಹೋಯಿತು. ಮಗುವನ್ನು ತೊಡೆಗೆ ಎಳೆದುಕೊಂಡು ಅದರ ಮೂಗು ಒರೆಸಿದರು, ತುಂಬಾ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ನೋಡದೆಯೇ ಕೈ ಚಾಚಿ, "ಫೋನ್ ಕೊಡು" ಎಂದರು.

ಗ್ಯಾಸಿನ ಭಯಕ್ಕೆ ಕೆಳಗೆ ಬೀದಿಯವರೆಗೂ ಹೋಗಿ ಫೋನ್ ಮಾಡಿದರು. ಮಗ ಎತ್ತಿದಾಗ ಅವರ ದನಿ ಗಟ್ಟಿಯಾಗಿಯೇ ಇತ್ತು.

"ಮಗೂಗೆ ಏನೂ ಆಗಿಲ್ಲ, ಗಾಬರಿಯಾಗ್ಬೇಡ. ನಾಳೆಯಿಂದ ಅವಳನ್ನ ನನ್ನ ಹತ್ರ ಬಿಡಬೇಡ ಕಣಪ್ಪ."