ರೇಸ್ ಬೈಕಿಗೊಂದು ಸ್ಟ್ಯಾಂಡು

ನನಗೆ ಮೋಟಾರ್‌ಸೈಕಲ್ ರೇಸಿನ ಹುಚ್ಚು ಹಚ್ಚಿದವನು ನನ್ನ ತಮ್ಮ. ಕೊಪ್ಪಳದಲ್ಲಿ ಅವನದೊಂದು ಬೈಕ್ ರಿಪೇರಿ ಅಂಗಡಿ. ರವಿವಾರ ಕಿನ್ನಾಳದ ಮನೆಗೆ ಬಂದರೆ ಮೊಬೈಲನ್ನು ಗೋಡೆಗೆ ಒರಗಿಸಿ ರೇಸ್ ಹಚ್ಚುತ್ತಿದ್ದ. ನಾನು ಗೊಂಬೆಗೆ ಹುಣಸೆಬೀಜದ ಅಂಟು ಬಳಿಯುತ್ತ ಒಂದು ಕಣ್ಣು ಅತ್ತ ಇಡುತ್ತಿದ್ದೆ. ಎರಡು ವರ್ಷದಲ್ಲಿ, ಯಾವ ತಿರುವಿನಲ್ಲಿ ಯಾರು ತಡವಾಗಿ ಬ್ರೇಕ್ ಹಿಡಿಯುತ್ತಾರೆ ಎನ್ನುವುದು ಅವನಿಗಿಂತ ನನಗೇ ಚೆನ್ನಾಗಿ ಗೊತ್ತಾಗತೊಡಗಿತು. ಬಡಾಯಿ ಅಲ್ಲ, ಬೇಕಾದರೆ ಅವನನ್ನೇ ಕೇಳಿ.

ನಮ್ಮದು ಗೊಂಬೆ ಮಾಡುವ ಮನೆತನ. ಕೆತ್ತುವುದು, ಬಣ್ಣ ಹಚ್ಚುವುದು ಗಂಡಸರ ಕೆಲಸ. ಅಂಟು ಅರೆಯುವುದು, ತಿಕ್ಕಿ ನುಣುಪು ಮಾಡುವುದು ಹೆಂಗಸರದು ಎನ್ನುತ್ತಾರೆ. ಎನ್ನುವುದಷ್ಟೇ. ಅಪ್ಪನ ಕೈ ನಡುಗತೊಡಗಿದ ಮೇಲೆ ಕುದುರೆ, ಆನೆ, ಗರುಡ ಎಲ್ಲವೂ ನನ್ನ ಕೈಯಿಂದಲೇ ಹೊರಡುತ್ತಿವೆ. ಆದರೂ ಗಿರಾಕಿ ಬಂದು “ಭಾಳ ಛಲೋ ಐತಿ, ಯಾರು ಮಾಡ್ಯಾರ್ರಿ?” ಎಂದರೆ ಅಪ್ಪನ ಹೆಸರು; ಅಪ್ಪ ಇಲ್ಲದಿದ್ದರೆ ತಮ್ಮನ ಹೆಸರು. ಅವನೋ, ಹುಟ್ಟಿದಾಗಿನಿಂದ ಕುಂಚ ಹಿಡಿದವನಲ್ಲ! ಒಳಗೆ ಚಹಾ ಸೋಸುತ್ತ ನಾನು ಹಲ್ಲು ಕಡಿಯುತ್ತಿದ್ದೆ.

ಹಾಗಾಗಿ ಚೆನ್ನೈ ಹತ್ತಿರದ ದೊಡ್ಡ ರೇಸಿಗೆ ನಾನೂ ತಮ್ಮನೂ ಹೋಗುವುದೆಂದು ನಿಶ್ಚಯವಾದಾಗ ನಾನು ಒಂದು ಹಟ ತೊಟ್ಟೆ. ನಮ್ಮ ಮೆಚ್ಚಿನ ರೈಡರ್‌ನ ಕೈಗೆ ಅವನದೇ ಬೈಕಿನ ಗೊಂಬೆ ಕೊಡಬೇಕು. ಅದು ನನ್ನ ಕೆಲಸವೆಂದು ಹೊರಗಿನವನೊಬ್ಬನಿಗಾದರೂ ತಿಳಿಯಬೇಕು.

ಫೋಟೊ ಮುಂದಿಟ್ಟುಕೊಂಡು ಕೆತ್ತಿದೆ. ಅರೆಬರೆ ಗೊಂಬೆ ಹೊಸ್ತಿಲು ದಾಟಬಾರದು, ತಾನಾಗಿ ನಿಲ್ಲಲಾರದ್ದಂತೂ ದಾಟಲೇಬಾರದು ಎನ್ನುವುದು ನಮ್ಮ ಮನೆಯ ಕಟ್ಟು. ಫೋಟೊದಲ್ಲಿ ಕನ್ನಡಿ, ದೀಪ, ಸ್ಟ್ಯಾಂಡು ಕಾಣುತ್ತಿರಲಿಲ್ಲ. ತೆಗೆದವನು ಸರಿಯಾಗಿ ತೆಗೆದಿಲ್ಲ ಎಂದುಕೊಂಡು ಮೂರನ್ನೂ ನಾನೇ ಕೂಡಿಸಿದೆ. ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ, ನೆಲಕ್ಕಿಟ್ಟು, “ನಿಂತೈತಿ, ಒಯ್ಯಿ” ಎಂದ.

ಹೊಸಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ಇಳಿಯುವತನಕ ಗೊಂಬೆ ಕೌದಿಯಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲೇ ಇತ್ತು. ಟ್ರ್ಯಾಕಿನಲ್ಲಿ ಬಿಸಿಲೆಂದರೆ ಬಿಸಿಲು. ಮೊದಲ ಸುತ್ತಿಗೆ ಬೈಕುಗಳು ನಮ್ಮೆದುರು ಹಾದಾಗ ಸದ್ದು ಕಿವಿಗಲ್ಲ, ಎದೆಗೆ ಬಡಿಯಿತು. ಮೊಬೈಲಿನಲ್ಲಿ ಇದ್ಯಾವುದೂ ಇರಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಗಿಸಿ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ. ನಮ್ಮವನು ಕೊನೆಯ ತಿರುವಿನಲ್ಲಿ ಸ್ವಲ್ಪ ಹೊರಗಿನ ಅಂಚಿಗೆ ಸರಿದುಹೋಗಿ ನಾಲ್ಕನೆಯವನಾದ. ಬೇಜಾರೇನೋ ಆಯಿತು. ಆದರೆ ಜನವೆಲ್ಲ ಗೆದ್ದ ಮೂವರ ಕಡೆ ಓಡಿದ್ದರಿಂದ, ಸಹಿ ಹಾಕಲು ಅವನು ಕುಳಿತ ಟೆಂಟಿನ ಮುಂದೆ ಸಾಲು ಸಣ್ಣದಿತ್ತು.

ಸಾಲಿನಲ್ಲಿ ಕೌದಿ ಬಿಚ್ಚಿದೆ. ಹಿಂದೆ ನಿಂತಿದ್ದ ಬೆಂಗಳೂರಿನ ಹುಡುಗಿ ಬಗ್ಗಿ ನೋಡಿ ನಕ್ಕಳು. “ಆಂಟಿ, ರೇಸ್ ಬೈಕಿಗೆ ಹೆಡ್‌ಲೈಟು, ಮಿರರ್, ಸ್ಟ್ಯಾಂಡು ಯಾವ್ದೂ ಇರಲ್ಲ. ತೂಕ ಆಗುತ್ತಲ್ಲ!”

ಆಂಟಿ ಎಂದದ್ದಕ್ಕೇ ಅರ್ಧ ಸಿಟ್ಟು ಬಂದಿತ್ತು. ತಮ್ಮನ ಮುಖ ನೋಡಿದೆ.

“ಹೌದು ಬಿಡಕ್ಕಾ,” ಎಂದು ತಲೆ ಕೆರೆದುಕೊಂಡ. “ಈಗ ಹತ್ರದಿಂದ ನೋಡಿದ ಮ್ಯಾಲ ನನಗೂ ಗೊತ್ತಾತು. ಇದು ಕುಷ್ಟಗಿ ಸಂತಿಗೆ ಹೋಗೋ ಬಂಡಿ ಆಗೇತಿ.”

ನಾಚಿಕೆಯಿಂದ ಮೈ ಕಾದುಹೋಯಿತು. ಇಷ್ಟು ವರ್ಷ ರೇಸ್ ನೋಡಿದ್ದೇನೆಂಬ ನನ್ನ ಜಂಬವೇ ನನ್ನನ್ನು ಅಣಕಿಸುತ್ತಿತ್ತು. ತಿರುಗಿ ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಮುಂದಿನವರು ಸರಿದರು, ರೈಡರ್ ಕೈ ಚಾಚಿದ. ಕೊಟ್ಟುಬಿಟ್ಟೆ.

ಅವನು ಕನ್ನಡಿ ಮುಟ್ಟಿ ನೋಡಿದ, ದೀಪ ಮುಟ್ಟಿ ನೋಡಿದ. ಮೇಜಿನ ಮೇಲಿಟ್ಟ. ಇಟ್ಟ ಮೇಲೂ ಬೀಳುತ್ತದೇನೋ ಎಂದು ಎರಡೂ ಕೈಯನ್ನು ಹತ್ತಿರವೇ ಹಿಡಿದಿದ್ದ. ಬಳಿಕ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಗೊಂಬೆ ನಿಂತೇ ಇತ್ತು.

“ನನ್ನ ಬೈಕಿಗೆ ಹೀಗೆ ತಾನಾಗಿ ನಿಲ್ಲೋಕೆ ಬರೋದಿಲ್ಲ,” ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಅದು ಕುಹಕದ ನಗೆಯಲ್ಲ, ನನಗೆ ಗೊತ್ತಾಗುತ್ತದೆ. ಆಮೇಲೆ ತಮ್ಮನ ಕಡೆ ನೋಡಿ ಕೇಳಿದ, “ನೀವು ಮಾಡಿದ್ದಾ?”

ತಮ್ಮ ಬಾಯಿ ತೆರೆದ. ಅಂಗಳದಲ್ಲಿ ಗಿರಾಕಿಗಳ ಮುಂದೆ ಎಷ್ಟು ಸಲ ಹೂಂ ಎಂದಿದ್ದನೋ. ಅವನು ಬಾಯಿ ಮುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಮೊಣಕೈ ಹಿಡಿದು ಮುಂದೆ ತಂದ.

“ನೀನ ಹೇಳಬೇ ಅಕ್ಕಾ.”

ಬರುತ್ತಿದ್ದ ನಾಲ್ಕು ಹಿಂದಿ ಮಾತೂ ಮರೆತುಹೋದವು. “ನಾನ ಮಾಡೀನ್ರಿ,” ಎಂದೆ, ಇಡೀ ಟೆಂಟಿಗೆ ಕೇಳುವ ಹಾಗೆ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕುರ್ಚಿಯಿಂದ ಎದ್ದು ನಿಂತ.