ಬಸ್ಸಿನ ಪರದೆ ಮುಚ್ಚಿಸುತ್ತಿದ್ದ ಹಮೀದಿಚ್ಚ

ಪ್ರವಾಸದ ಬಸ್ಸಿನ ಗೈಡ್ ಅಂದರೆ ಕಿಟಕಿಯಾಚೆ ಕೈ ತೋರಿಸಿ ಮಾತಾಡುವವನು. ಹಮೀದಿಚ್ಚ ಕಿಟಕಿಯ ಪರದೆಯನ್ನೇ ಮುಚ್ಚಿಸುತ್ತಿದ್ದರು. ನೋಡುವಂಥ ಜಾಗ ಹತ್ತಿರ ಬಂತು ಅನ್ನುವಾಗ ಸೀಟಿನಿಂದೆದ್ದು, "ಎಲ್ಲರೂ ಪರದೆ ಹಾಕಿ, ಆ ಬದಿಯವರೂ" ಎನ್ನುತ್ತಿದ್ದರು. ಮುಂದಿನ ಗಾಜಿನಿಂದ ಏನಾದರೂ ಕಂಡೀತೆಂದು ನಡುದಾರಿಯಲ್ಲಿ ತಾವೇ ಅಡ್ಡ ನಿಲ್ಲುತ್ತಿದ್ದರು. ಅವರ ಗಾತ್ರಕ್ಕೆ ಅದೇನೂ ಕಷ್ಟವಿರಲಿಲ್ಲ. ದುಡ್ಡು ಕೊಟ್ಟು ಬಸ್ಸು ಹತ್ತಿದವರನ್ನು ಕತ್ತಲಲ್ಲಿ ಕೂರಿಸುವ ಗೈಡನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಾನು ದಾವಣಗೆರೆಯವಳು. ಗಂಡನಿಗೆ ಸೌದಿಯ ಅಬಹಾದ ಆಸ್ಪತ್ರೆಯಲ್ಲಿ ಕೆಲಸ. ನಾನು ಪಕ್ಕದ ಖಮೀಸ್ ಮುಶೈತ್‌ನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಸೌದಿ ಅಂದರೆ ಮರಳು, ಬಿಸಿಲು, ಒಂಟೆ ಅಂದುಕೊಂಡು ಒಂದು ಸ್ವೆಟರನ್ನೂ ತರದೆ ಬಂದಿಳಿದವಳು. ಈ ಅಸೀರ್ ಸೀಮೆ ಇರುವುದು ಬೆಟ್ಟದ ನೆತ್ತಿಯ ಮೇಲೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಮೋಡ ಅಡುಗೆಮನೆಯೊಳಗೇ ಬಂದುಬಿಡುತ್ತದೆ. ಮೊದಲ ತಿಂಗಳು ನೆಗಡಿಯಲ್ಲೇ ಕಳೆಯಿತು.

ಹಮೀದಿಚ್ಚ ಉಳ್ಳಾಲದ ಬ್ಯಾರಿ. ಬ್ಯಾರಿ ಭಾಷೆಯಲ್ಲಿ ಅಣ್ಣನಿಗೆ ಇಚ್ಚ ಅನ್ನುತ್ತಾರಂತೆ, ಹಾಗಾಗಿ ಇಲ್ಲಿನ ಕನ್ನಡದವರಿಗೆಲ್ಲ ಅವರು ಹಮೀದಿಚ್ಚ. ಬಸ್ ಕಂಪನಿಯೊಂದರಲ್ಲಿ ವಾರವಿಡೀ ಟಿಕೆಟ್ ಕೌಂಟರಿನಲ್ಲಿ ಕೂರುವುದು, ಶನಿವಾರ ಅದೇ ಕಂಪನಿಯ ಬಸ್ಸಿನಲ್ಲಿ ನಮ್ಮಂಥ ಕುಟುಂಬಗಳನ್ನು ಸುತ್ತಾಡಿಸುವುದು ಅವರ ಕೆಲಸ. ಬೆಳಿಗ್ಗೆ ಅಬಹಾದ ಅಣೆಕಟ್ಟಿನ ಕೆರೆ, ಆಮೇಲೆ ಸೂದಾ ಬೆಟ್ಟದ ಅಂಚು, ಅಲ್ಲಿಂದ ಘಾಟಿಯಿಳಿದು ಕೆಂಪು ಸಮುದ್ರ, ಸೂರ್ಯ ಮುಳುಗಿದ ಮೇಲೆ ವಾಪಸು. ಚಳಿಯಲ್ಲಿ ಹೊರಟವರು ಮಧ್ಯಾಹ್ನಕ್ಕೆ ಬೆವರಿಳಿಸುತ್ತ ಸ್ವೆಟರ್ ಬಿಚ್ಚುತ್ತಿದ್ದರು.

ಮೊದಲ ಸಲ ಹೋದಾಗ ಈ ಪರದೆಯಾಟ ನೋಡಿ ನನಗೆ ರೇಗಿತ್ತು. ಮಕ್ಕಳು ಇಂಗ್ಲಿಷಿನಲ್ಲಿ ಗೊಣಗಿದರು, ನಾನು ಕನ್ನಡದಲ್ಲಿ ಗೊಣಗಿದೆ. ಬಸ್ಸು ನಿಂತಿತು. ಪರದೆ ಸರಿಸಬೇಡಿ, ಇಳಿದೇ ನೋಡಿ, ಇಳಿದ ಮೇಲೆ ಸ್ವಲ್ಪ ಹೊತ್ತು ಮಾತು ಬೇಡ, ಫೋಟೊನೂ ಬೇಡ ಎಂದರು. ಇಳಿದೆ. ತಡೆಗೋಡೆಯ ಆಚೆ ನೆಲವೇ ಇರಲಿಲ್ಲ. ಜುನಿಪರ್ ಮರಗಳ ಕಾಡು ಅಂಚಿನವರೆಗೆ ಬಂದು ತಟ್ಟನೆ ಮುಗಿದುಹೋಗಿತ್ತು. ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ನೀಲಿ, ತಿಳಿನೀಲಿ, ಕೊನೆಗೆ ಆಕಾಶ ಯಾವುದು ಬೆಟ್ಟ ಯಾವುದು ಗೊತ್ತಾಗದ ಬಣ್ಣ. ಒಂದು ಹದ್ದು ನಮ್ಮ ಕಾಲಿನಿಂದ ಎಷ್ಟೋ ಕೆಳಗೆ ಹಾರುತ್ತಿತ್ತು. ಹುಟ್ಟಿದಂದಿನಿಂದ ಹದ್ದಿನ ಹೊಟ್ಟೆ ನೋಡಿದವಳು ನಾನು. ಅದರ ಬೆನ್ನು ಕಂಡದ್ದು ಅವತ್ತೇ ಮೊದಲು. ನನಗೆ ಅಳು ಬಂತು, ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ. ಹಮೀದಿಚ್ಚ ಬೆಟ್ಟದ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ನಮ್ಮ ಮುಖಗಳನ್ನೇ ನೋಡುತ್ತಿದ್ದರು.

ಆಮೇಲೆ ಅತಿಥಿಗಳು ಬಂದಾಗಲೆಲ್ಲ ಅವರ ಬಸ್ಸೇ ನಮಗೆ ಗತಿಯಾಯಿತು. ಎತ್ತರ ಎಷ್ಟು, ಆಳ ಎಷ್ಟು ಎಂದು ಯಾರಾದರೂ ಕೇಳಿದರೆ, "ಎಂತಕ್ಕೆ ಮಾರಾಯ್ರೆ, ಬೆಟ್ಟಕ್ಕೆ ಅಂಗಿ ಹೊಲಿಸ್ಲಿಕ್ಕುಂಟಾ?" ಎನ್ನುತ್ತಿದ್ದರು. ಗಣಿತದ ಟೀಚರಾದ ನನಗೆ ಇದು ಸ್ವಲ್ಪ ಚುಚ್ಚುತ್ತಿತ್ತು. ನಮ್ಮೆಲ್ಲರ ವೀಸಾ ಕೈಯಲ್ಲಿಟ್ಟುಕೊಂಡಿರುವ ಧಣಿಗೆ ಇಲ್ಲಿ ಕಫೀಲ್ ಅನ್ನುತ್ತಾರಲ್ಲ, ದಾರಿಬದಿಯ ಬಬೂನ್ ಕೋತಿಗಳನ್ನು ತೋರಿಸಿ ಇವರೇ ಈ ಬೆಟ್ಟದ ಕಫೀಲರು, ಇವರನ್ನು ಕೇಳದೆ ತಿಂಡಿಯ ಚೀಲ ತೆರೆಯಬೇಡಿ ಎನ್ನುತ್ತಿದ್ದರು. ಪ್ರತಿ ಸಲವೂ ಅದೇ ಮಾತು, ಪ್ರತಿ ಸಲವೂ ಮೊದಲು ನಗುವವರು ಅವರೇ.

ಒಂದು ಶನಿವಾರ ಹಾಲಿಲ್ಲದ ಸುಲೈಮಾನಿ ಚಹಾ ಕೊಡುತ್ತ, ಮುಂದಿನ ತಿಂಗಳು ಹೆಂಡತಿ ಸಫಿಯಾ ವಿಸಿಟ್ ವೀಸಾದಲ್ಲಿ ಬರುತ್ತಾಳೆ ಎಂದರು. ಮದುವೆಯಾದಾಗಿನಿಂದ ಮೊದಲ ಸಲ. ಮೂವರು ಹೆಣ್ಣುಮಕ್ಕಳು ಹುಟ್ಟುವಾಗಲೂ ಇವರು ಊರಲ್ಲಿರಲಿಲ್ಲ, ನಡುವಿನವಳ ಮದುವೆಗೆ ರಜೆ ಸಿಗಲಿಲ್ಲ. ಫೋಟೊ ಕಳಿಸಿದರೆ ಆಕೆ, ಬೆಟ್ಟ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಎಂದು ಕೇಳುತ್ತಿದ್ದರಂತೆ. ನಗುತ್ತಲೇ ಹೇಳುತ್ತಿದ್ದವರು ಲೋಟ ಕೆಳಗಿಟ್ಟರು. "ಟೀಚರೇ, ನಾನು ಕೌಂಟರಲ್ಲಿ ಕೂತೇ ಮುದುಕ ಆದೆ ಅಂತ ಅವಳ ಲೆಕ್ಕ. ಒಂದ್ಸಲ ಅವಳು ಆ ಅಂಚಲ್ಲಿ ನಿಲ್ಬೇಕು. ಆಮೇಲೆ ಎಂತ ಬೇಕಾದ್ರೂ ಬಯ್ಲಿ."

ಸಫಿಯಾ ಬಂದ ಮೇಲಿನ ಮೊದಲ ಶನಿವಾರ ನಾವೂ ಹೋದೆವು. ಹಮೀದಿಚ್ಚ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸಫಿಯಾ ಸಣ್ಣ ಆಳು, ನೇರ ನೋಟ, ಮಾತು ಕಡಿಮೆ. ನನ್ನ ಪಕ್ಕದಲ್ಲೇ ಕೂತರು. ಪರದೆ ಹಾಕಲು ಹೇಳಿದಾಗ ಒಂದು ಕ್ಷಣ ಗಂಡನನ್ನೇ ದಿಟ್ಟಿಸಿ, ಆಮೇಲೆ ಹಾಕಿದರು.

ಇಳಿದರೆ ಏನೂ ಇಲ್ಲ. ಬರೀ ಮಂಜು. ಬೆಟ್ಟವಿಲ್ಲ, ಕಣಿವೆಯಿಲ್ಲ, ಪಕ್ಕದ ಮರವೂ ಅರ್ಧ ಮಾತ್ರ. ಯಾರೋ ಹಿಂದಿನಿಂದ ನಕ್ಕರು. ಆಗ ಹಮೀದಿಚ್ಚ ಆ ಅಂಚಿನಲ್ಲಿ ಅದುವರೆಗೆ ಮಾಡದ್ದನ್ನು ಮಾಡಿದರು, ಮಾತಾಡತೊಡಗಿದರು. ಆ ಬಿಳಿಯ ಕಡೆ ಕೈ ಮಾಡಿ, ಇಲ್ಲಿ ಎಡಕ್ಕೆ ಒಂದು ಶಿಖರ ಉಂಟು, ಅದರ ಕೆಳಗೆ ಮೆಟ್ಟಿಲು ಗದ್ದೆ, ಕಲ್ಲಿನ ಮನೆಗಳು, ಎತ್ತರ ಇಷ್ಟು, ಆಳ ಅಷ್ಟು ಎಂದು ಬಾಯಿಗೆ ಬಂದ ಅಂಕಿಗಳನ್ನೆಲ್ಲ ಹೇಳಿದರು. ನೋಡಲಾಗದೆ ನಾನು ತಲೆ ತಗ್ಗಿಸಿದೆ. ಗಂಡಹೆಂಡಿರ ಮಾತೆಲ್ಲ ಬ್ಯಾರಿಯಲ್ಲೇ ನಡೆಯುತ್ತಿತ್ತು. ಆದರೆ ಆಗ ಸಫಿಯಾ, ಸಿಟ್ಟಿಗೊಬ್ಬ ಸಾಕ್ಷಿ ಇರಲಿ ಎಂದೋ ಏನೋ, ನನಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದರು.

"ಫೋನಲ್ಲೂ ನೀವು ಹೀಗೇ ಹೇಳ್ತಿದ್ದದ್ದು. ನಂಗೆ ಆಗ್ಲೂ ಹೀಗೇ ಕಾಣ್ತಿದ್ದದ್ದು. ಬರೀ ಬಿಳಿ."

ಹಮೀದಿಚ್ಚನ ಕೈ ಕೆಳಗಿಳಿಯಿತು. ಹೊತ್ತಾಯಿತು, ಯಲ್ಲಾ, ಹತ್ತಿ ಎಂದು ಡ್ರೈವರ್ ಹಾರ್ನ್ ಹೊಡೆದ. ಜನ ಒಬ್ಬೊಬ್ಬರಾಗಿ ಬಸ್ಸಿನತ್ತ ನಡೆದರು. ಸಫಿಯಾ ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ನಾನೂ ನಿಂತೆ.

ಗಾಳಿ ಬಂತು. ಮೊದಲು ನಮ್ಮ ಕಾಲ ಕೆಳಗೆ ಮಂಜಿನಲ್ಲಿ ಒಂದು ತೂತು ಬಿತ್ತು, ಅದರೊಳಗೆ ಹಸಿರು ಗದ್ದೆಯ ಒಂದು ತುಂಡು, ಒಂದು ಕಲ್ಲಿನ ಮನೆ. ಅಷ್ಟು ಆಳದಲ್ಲಿ ಒಬ್ಬರ ಅಂಗಳ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಆಮೇಲೆ ಎಡಕ್ಕೆ ಶಿಖರ ಎದ್ದಿತು, ಅದರ ಹಿಂದೆ ಇನ್ನೊಂದು. ಮಂಜು ಕಣಿವೆಯಿಂದ ಹೊಳೆಯಾಗಿ ಮೇಲಕ್ಕೆ ಹರಿದು ನಮ್ಮ ತಲೆ ದಾಟಿ ಹೋಯಿತು. ಎಷ್ಟೋ ಸಲ ಅಲ್ಲಿ ನಿಂತ ನನಗೇ ಆ ದಿನ, ಇಷ್ಟು ದೊಡ್ಡದರ ಮುಂದೆ ನಿಲ್ಲಲು ನಾನು ಯಾರು ಅನ್ನಿಸಿತು. ಸಫಿಯಾ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಇನ್ನೊಂದು ಕೈ ಗಂಡನ ಅಂಗಿಯ ತೋಳನ್ನು ಹಿಡಿದಿತ್ತು. ಹಮೀದಿಚ್ಚ ಎಂದಿನಂತೆ ಬೆಟ್ಟ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ಗೆದ್ದೆ ಅಂದುಕೊಂಡಿರಬೇಕು, ನಾನೂ ಹಾಗೇ ಅಂದುಕೊಂಡೆ.

ಘಾಟಿಯ ಸುರಂಗಗಳನ್ನು ದಾಟಿ ಬಸ್ಸು ಕೆಂಪು ಸಮುದ್ರದ ದಡಕ್ಕೆ ಬಂತು. ಉಳ್ಳಾಲದವರಿಗೆ ಸಮುದ್ರ ಹೊಸದಲ್ಲ, ಆದರೂ ಸಫಿಯಾ ಅಲೆಯೇ ಇಲ್ಲದ ಆ ತಿಳಿ ಹಸಿರು ನೀರಿನಲ್ಲಿ ಮೊಣಕಾಲವರೆಗೆ ಇಳಿದು ನಿಂತರು. ಹಮೀದಿಚ್ಚ ಪಕ್ಕದಲ್ಲಿ ಪ್ಯಾಂಟು ಮಡಚಿಕೊಂಡು, ಹೇಗುಂಟು ಎಂದು ಕೇಳಿದರು. ಆಕೆ ತಿರುಗಿದಾಗ ಕಣ್ಣು ತುಂಬಿತ್ತು.

"ಇಷ್ಟು ಚಂದ ಉಂಟಲ್ಲ," ಎಂದರು. "ಇದನ್ನೆಲ್ಲ ಇಷ್ಟು ವರ್ಷ ನೀವು ಒಬ್ರೇ ನೋಡಿದ್ದಾ?"

ಅದು ಸಿಟ್ಟೋ ಮರುಕವೋ ನನಗೆ ತಿಳಿಯಲಿಲ್ಲ. ಹಮೀದಿಚ್ಚ ಬಗ್ಗಿ ನೀರಿನಿಂದ ಮುಖ ತೊಳೆದುಕೊಂಡರು. ವಾಪಸು ಬರುವಾಗ ಮೈಕ್ ಮುಟ್ಟಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕೂತಿದ್ದರು. ನಾನು ಹಿಂದಿನ ಸೀಟಿಗೆ ಹೋದೆ.

ಸಫಿಯಾ ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಹಮೀದಿಚ್ಚ ಶಾಲೆಯ ಗೇಟಿಗೆ ಬಂದರು. ಕೆಲಸ ಬಿಟ್ಟಿದ್ದರು. ಕಂಪನಿಯವರು ಇನ್ನೆರಡು ವರ್ಷ ಇರು ಅಂದರಂತೆ, ಒಪ್ಪಲಿಲ್ಲ. ನನಗೆ ಸಂಕಟವಾಯಿತು, ನನ್ನ ಸ್ವಾರ್ಥಕ್ಕೇ ಸಂಕಟವಾಯಿತು. ಆ ಬೆಟ್ಟ ಬಿಟ್ಟು ಹೋಗಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದೆ.

"ಬೆಟ್ಟ ನೋಡಿ ಆಯ್ತಲ್ಲ ಟೀಚರೇ," ಎಂದರು. "ಊರಲ್ಲಿ ಮಕ್ಕಳು ಹುಟ್ಟಿದ್ದು, ನಡೆದದ್ದು, ಮದುವೆ ಆದದ್ದು, ಎಲ್ಲ ಅವಳು ಒಬ್ಳೇ ನೋಡಿದ್ದು. ಇನ್ನು ಅವಳು ಹೇಳ್ಬೇಕು, ನಾನು ಕೂತು ಕೇಳ್ಬೇಕು. ನಂಗೆ ಅಲ್ಲಿ ಬರೀ ಬಿಳಿ ಕಾಣುದು."

ಬೆಲ್ ಹೊಡೆಯಿತು. ಅವರು ಕೈ ಮುಗಿದು, ರಸ್ತೆ ದಾಟಿ ಹೋದರು.