ಮೂರನೇ ಸೆಲ್ಲು

ಇದನ್ನು ಹೇಳುವುದನ್ನು ಇಪ್ಪತ್ತು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ. ಅಂಗಡಿ ನಡೆಸುತ್ತಿದ್ದಾಗ, ಹೇಳಿದರೆ ಹೆಸರು ಹೋಗುತ್ತದೆ ಅಂದುಕೊಂಡೆ. ಅಂಗಡಿ ಮುಚ್ಚಿದ ಮೇಲೆ, ಇನ್ನು ಹೇಳಿ ಏನು ಬಂತು ಅಂದುಕೊಂಡೆ. ಎರಡೂ ನೆಪ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ — ಒಂದು ಆಟದ ಯಂತ್ರವನ್ನು ಸುಟ್ಟವನು ನಾನು, ಆ ತಪ್ಪನ್ನು ಕಟ್ಟಿದ್ದು ಒಬ್ಬ ಹೆಣ್ಣುಮಗಳ ತಲೆಗೆ. ಆಕೆಯದು ತಪ್ಪಿಲ್ಲ ಎನ್ನುವುದಕ್ಕೆ ಸಾಕ್ಷಿ ನನ್ನ ಅಂಗೈಯಲ್ಲೇ ಇತ್ತು. ಅದನ್ನು ಅಳಿಸಿದವನೂ ನಾನೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹುಟ್ಟಿದ್ದು ಹರದನಹಳ್ಳಿ, ಅನ್ನ ಕೊಟ್ಟದ್ದು ಗುಂಡ್ಲುಪೇಟೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಪ್ಪತ್ತಾರು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದೆ. 'ರೇಡಿಯೋ ಮಾದಣ್ಣ' ಅಂದರೆ ಮದ್ದೂರು ಕಡೆಯ ಹಾಡಿಗಳಲ್ಲೂ ಗೊತ್ತಿತ್ತು. ಕರೆಂಟು ಇಲ್ಲದ ಕಡೆಯಿಂದ ಬರುವ ರೇಡಿಯೋಗಳಿಗೆಲ್ಲ ಸೆಲ್ಲಿನದೇ ಗೋಳು. ಸೆಲ್ಲು ಮಂಕಾದರೆ ನಮ್ಮಲ್ಲಿ ಯಾರೂ ಎಸೆಯುವುದಿಲ್ಲ. ಹಂಚಿನ ಮೇಲೆ ಬಿಸಿಲಿಗೆ ಇಡುತ್ತಾರೆ. ಅದಕ್ಕೂ ಮಣಿಯದಿದ್ದರೆ ಕ್ಯಾಲೆಂಡರಿನ ದಪ್ಪ ಹಾಳೆ ಸುತ್ತಿ, ಎರಡು ಸೆಲ್ಲಿನ ಬೆನ್ನಿಗೆ ಮೂರನೆಯದನ್ನು ಸೇರಿಸುತ್ತಾರೆ. ರೇಡಿಯೋ ಮತ್ತೆ ಗಂಟಲು ತೆರೆಯುತ್ತದೆ. 'ಮುದುಕನಿಗೆ ಊರುಗೋಲು' ಎನ್ನುತ್ತಿದ್ದೆ ನಾನು ಅದಕ್ಕೆ. ಎಷ್ಟು ಸಾವಿರ ಸಲ ಮಾಡಿದ್ದೇನೋ. ಒಂದು ಸೆಟ್ಟೂ ಸುಟ್ಟಿರಲಿಲ್ಲ — ಆ ಮಾತನ್ನು ನಾನು ಬಂದವರಿಗೆಲ್ಲ ಹೇಳುತ್ತಲೂ ಇದ್ದೆ.

ನನ್ನ ಎದುರಿನ ಮಳಿಗೆ ಟೈಲರ್ ನಂಜಪ್ಪಣ್ಣನದು. ನನಗಿಂತ ಐದಾರು ವರ್ಷ ದೊಡ್ಡವರು. ಕತ್ತರಿ ಹಿಡಿದರೆ ಸುಣ್ಣದ ಗೆರೆ ಬೇಡದಂಥ ಕೈ. ಅವರ ಹೆಂಡತಿ ಒಳಗೆ ಗೋಡೆಗೊರಗಿ ಕೂತು ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಮಡಚುವುದು ಮಾಡುತ್ತಿದ್ದರು. ಮಿಷನ್ನಿನ ಮುಂದೆ ಕೂರುವ ಹಕ್ಕು ಮಾತ್ರ ನಂಜಪ್ಪಣ್ಣನದು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಂಜಪ್ಪಣ್ಣನಿಗೆ ಲಕ್ವ ಹೊಡೆಯಿತು. ಕಾಲು ಬೇಗ ಬಂತು, ಬಲಗೈ ಬರಲಿಲ್ಲ. ಚಾಮರಾಜನಗರದ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ಇದನ್ನು ಅಮುಕುತ್ತಿರಿ, ಬೆರಳಿಗೆ ಬಿಡುವು ಕೊಡಬೇಡಿ ಎಂದಿದ್ದರು. ನಂಜಪ್ಪಣ್ಣ ಎರಡೇ ದಿನಕ್ಕೆ ಅದನ್ನು ಬೀದಿಗೆ ಎಸೆದರು. "ನಾನೇನು ನಿಂಬೆಹಣ್ಣು ಹಿಂಡಾಕೆ ಉಟ್ಟಿದ್ನಾ?" ಎಂದು ಬೈದದ್ದು ನನ್ನ ಅಂಗಡಿಗೂ ಕೇಳಿತು.

ಆ ತಿಂಗಳುಗಳಲ್ಲೇ ಅವರ ಹೆಂಡತಿ ಮಿಷನ್ನಿನ ಮುಂದೆ ಕೂತದ್ದು. ತುಳಿದು ಮಂಡಿ ನೋಯುತ್ತದೆ ಎಂದಾಗ ಅದಕ್ಕೆ ಮೋಟಾರು ಕೂರಿಸಿಕೊಟ್ಟವನು ನಾನೇ. ಮೊದಲ ದಿನ ಮೋಟಾರು ಗುರ್ರೆಂದಾಗ ಬೆಚ್ಚಿ ಕಾಲೆತ್ತಿದರು. ಹದಿನೈದು ದಿನದಲ್ಲಿ ನಗುತ್ತಾ ರವಿಕೆ ಹೊಲಿಯುತ್ತಿದ್ದರು. ಅಳತೆ ಕೊಡಲು ನಾಚುತ್ತಿದ್ದ ಹೆಂಗಸರೆಲ್ಲ ಬರತೊಡಗಿದರು. ಒಂದು ದಿನ ನನ್ನೊಡನೆ ಹೇಳಿದರು — "ಅವ್ರ ಕೈ ಸರಿಯೋದ್ರೂ ನಾನು ಇದ್ನ ಬುಡಲ್ಲ ಕಣ ಮಾದಣ್ಣ. ಇನ್ನೊಂದು ಮಿಷನ್ನು ತಕ್ಕತೀವಿ. ಅವ್ರು ಪ್ಯಾಂಟು ಷರ್ಟು, ನಾನು ರವಿಕೆ." ಹಾಗೆ ಹೇಳುವಾಗ ಅವರ ಕೈ ಮಿಷನ್ನಿನ ಚಕ್ರದ ಮೇಲಿತ್ತು.

ನಂಜಪ್ಪಣ್ಣನಿಗೆ ಇದು ಒಳಗೊಳಗೇ ಕುಟುಕುತ್ತಿತ್ತು. "ನನ್ ಕೈ ಬರಗಂಟ ಕೂತ್ಕಳ್ಳಿ ಬುಡು, ಆಮೇಲೆ ಎದ್ದೋಯ್ತಾಳ" ಎನ್ನುತ್ತಿದ್ದರು ನನ್ನೊಡನೆ. ಹೆಂಡತಿ ಬಿಡುವುದಿಲ್ಲ ಎನ್ನುವುದು, ಗಂಡ ಬಿಡಲೇಬೇಕು ಎನ್ನುವುದು — ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೂ...

ಆಗ ಬಂತು ಆ ಆಟದ ಯಂತ್ರ. ದುಬೈಯಲ್ಲಿ ಕೆಲಸಕ್ಕಿದ್ದ ನಂಜಪ್ಪಣ್ಣನ ಅಕ್ಕನ ಮಗ ರಜೆಗೆ ಬಂದವನು, ಚೆಂಡು ಎಸೆದ ಕಥೆ ಕೇಳಿ, ಮಾವನ ಕೈಗೆ ತನ್ನ ವಿಡಿಯೋ ಗೇಮು ಕೊಟ್ಟು ಹೋದ. ಅಂಗೈ ಅಗಲ, ಸಣ್ಣ ಪರದೆ, ಬಲಗಡೆ ಎರಡು ಗುಂಡಿ. ಪರದೆಯಲ್ಲಿ ಒಂದು ಕಪ್ಪೆ, ಗುಂಡಿ ಒತ್ತಿದರೆ ಹಳ್ಳ ಹಾರಬೇಕು. ಚೆಂಡನ್ನು ಎಸೆದ ಮನುಷ್ಯ ಕಪ್ಪೆಗೆ ಸೋತರು. ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿಯಲ್ಲಿ ಕೂತು ಹೆಬ್ಬೆರಳು ಒತ್ತಿದ್ದೇ ಒತ್ತಿದ್ದು. ಪಕ್ಕದ ಹೋಟೆಲಿನವನು ಟೀ ಇಟ್ಟು ಕೇಳುತ್ತಿದ್ದ — "ಏನಣ್ಣ, ಕಪ್ಪ ಹಾರ್ತಾ ಇವತ್ತು?" "ಹಾರ್ತು ಕಣ್ಲಾ, ನಿನ್ ಟೀ ಕುಡುದ್ರೆ ಅದೂ ಬೀಳ್ತದ, ಓಗು." ಒಂದು ತಿಂಗಳಾಗುವಷ್ಟರಲ್ಲಿ ಲೋಟವನ್ನು ಬಲಗೈಯಲ್ಲೇ ಹಿಡಿದರು. ಅವರ ಹೆಂಡತಿ ಅಂದು ಬೀದಿಯ ಅಂಗಡಿಗಳಿಗೆಲ್ಲ ಪಾಯಸ ಹಂಚಿದರು.

ಕಷ್ಟವೆಂದರೆ ಸೆಲ್ಲು. ಎರಡು ಪೆನ್ಸಿಲ್ ಸೆಲ್ಲು ಎರಡು ದಿನಕ್ಕೆ ಮುಗಿಯುತ್ತಿದ್ದವು. ನಂಜಪ್ಪಣ್ಣ ನನ್ನ ಹತ್ತಿರ ಬಂದರು. ನಾನು ಹೆಮ್ಮೆಯಿಂದಲೇ ಕೈಹಾಕಿದೆ. ಪೆನ್ಸಿಲ್ ಸೆಲ್ಲಿನ ಅಳತೆಗೆ ಎರಡು ಮರದ ತುಂಡು ಕೆತ್ತಿ, ತುದಿಗೆ ತಿರುಪು ಬಿಗಿದು, ಸೆಲ್ಲಿನ ಜಾಗದಲ್ಲಿ ಕೂರಿಸಿದೆ. ಅಲ್ಲಿಂದ ವೈರು ಎಳೆದು ಒಂದು ನೀರಿನ ಪೈಪಿನ ತುಂಡಿಗೆ ಸೇರಿಸಿದೆ. ಪೈಪಿನೊಳಗೆ ಟಾರ್ಚಿಗೆ ಹಾಕುವ ದಪ್ಪ ಸೆಲ್ಲು ಎರಡು. ಆಟ ಕೈಯಲ್ಲಿ, ಪೈಪು ಮಡಿಲಲ್ಲಿ. ಎರಡು ದಿನ ಬರುತ್ತಿದ್ದದ್ದು ಹದಿನೈದು ದಿನ ಬಂತು. ಈಗಲೂ ಹೇಳುತ್ತೇನೆ, ಅದು ಒಳ್ಳೆಯ ಕೆಲಸ. ಅಲ್ಲಿಗೆ ನಿಲ್ಲಿಸಿದ್ದರೆ —

ನಿಲ್ಲಿಸಲಿಲ್ಲ. ಹದಿನೈದು ದಿನ ಕಳೆದು ಪರದೆ ಮಂಕಾದಾಗ, ಕೈ ತನ್ನ ಅಭ್ಯಾಸಕ್ಕೆ ಹೋಯಿತು. ಪೈಪನ್ನು ಉದ್ದ ಮಾಡಿ ಮೂರನೇ ಸೆಲ್ಲಿಗೂ ಜಾಗ ಮಾಡಿದೆ. ಹಳೆಯ ಎರಡರ ಬೆನ್ನಿಗೆ ಇನ್ನೊಂದು ಹಳೆಯದು. ಕಪ್ಪೆ ಮತ್ತೆ ಹಾರಿತು. ಸೆಲ್ಲು ಹಾಕುವ ಕೆಲಸ ಅವರ ಹೆಂಡತಿಯದು. ಯಾವ ತುದಿ ಯಾವ ಕಡೆಗೆ ಎಂದು ತೋರಿಸಿದೆ. ಅವರು ನನ್ನ ಅಂಗಡಿಯ ಗೋಡೆಯ ದೇವರ ಪಟದ ಮುಂದಿದ್ದ ಕುಂಕುಮ ಬೆರಳಿಗೆ ತಕ್ಕೊಂಡು, ಎಣ್ಣೆಯಲ್ಲಿ ಅದ್ದಿ, ಪ್ರತಿ ಸೆಲ್ಲಿನ ಮೂಗಿನ ಪಕ್ಕ ಒಂದೊಂದು ಬೊಟ್ಟಿಟ್ಟರು. "ಬೊಟ್ಟು ಬಾಗ್ಲು ಕಡೀಕೆ, ಅಷ್ಟೇ ತಾನೆ?" ಎಂದು ಪೈಪಿನ ಮುಚ್ಚಳ ತೋರಿಸಿದರು. ಅಷ್ಟೇ ಎಂದೆ. ಇಷ್ಟು ಸುಲಭದ ಗುರುತು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಹೊರಡುವಾಗ ಒಂದು ಪ್ರಶ್ನೆ ಕೇಳಿದರು. "ಮಾದಣ್ಣ, ಇವು ಪೂರ್ತಿ ಓದಾಗ ಮೂರೂ ಹೊಸವೇ ಆಕ್ಬೇಕಾ? ಮೊದ್ಲು ಎರಡೇ ಇದ್ವಲ್ಲ?"

ಆ ಪ್ರಶ್ನೆ ಸರಿಯಾದದ್ದು. ಮೀಟರು ಹಿಡಿದು ಒಂದು ನಿಮಿಷ ಯೋಚಿಸಿದ್ದರೆ ನನಗೂ ಬರಬೇಕಾಗಿದ್ದ ಪ್ರಶ್ನೆ. ನಾನು ತಲೆ ಎತ್ತದೆ ಹೇಳಿದೆ — "ಮೂರೂ ಹೊಸವೇ ಆಕಿ ಅತ್ಗೆ, ಏನೂ ಆಗಲ್ಲ. ರೇಡಿಯೋಗೆ ಸಾವ್ರ ಸಲ ಮಾಡಿವ್ನಿ."

ರೇಡಿಯೋ ತಡೆದುಕೊಳ್ಳುತ್ತದೆ. ಆ ಯಂತ್ರ ರೇಡಿಯೋ ಆಗಿರಲಿಲ್ಲ. ಹತ್ತು ದಿನ ಬಿಟ್ಟು ಅವರು ಮೂರು ಹೊಸ ಸೆಲ್ಲು ತಂದು, ಅವಕ್ಕೂ ಬೊಟ್ಟಿಟ್ಟು, ನಾನು ಹೇಳಿದಂತೆಯೇ ಹಾಕಿದರು. ನಂಜಪ್ಪಣ್ಣ ಸ್ವಿಚ್ ಒತ್ತಿದರು. ಪರದೆ ಒಮ್ಮೆ ಬೆಳ್ಳಗೆ ಹೊಳೆದು ನಂದಿಹೋಯಿತಂತೆ. ಸುಟ್ಟ ವಾಸನೆ.

ನಂಜಪ್ಪಣ್ಣ ಆಟವನ್ನೂ ಪೈಪನ್ನೂ ಹಿಡಿದು ನನ್ನ ಅಂಗಡಿಗೆ ಬಂದಾಗ ಮಧ್ಯಾಹ್ನ. ಸುಲ್ತಾನ್ ಬತ್ತೇರಿಯ ಗಿರಾಕಿಯೊಬ್ಬ ದೊಡ್ಡ ಟೇಪ್ ರೆಕಾರ್ಡರ್ ರಿಪೇರಿಗೆ ತಂದು ಕೂತಿದ್ದ. ಆಗತಾನೇ ಅವನಿಗೆ ಹೇಳಿದ್ದೆ, ನನ್ನ ಕೈಯಲ್ಲಿ ಒಂದು ಸೆಟ್ಟೂ ಸುಟ್ಟಿಲ್ಲ ಎಂದು. ನಂಜಪ್ಪಣ್ಣ ಅವನ ಪಕ್ಕ ಕೂತು ತಮ್ಮ ಕೈಯ ಕಥೆ ಶುರು ಮಾಡಿದರು. ನಾನು ಬೆನ್ನು ತಿರುಗಿಸಿ ಪೈಪಿನ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ಸೆಲ್ಲುಗಳನ್ನು ಒಂದೊಂದಾಗಿ ಅಂಗೈಗೆ ಜಾರಿಸಿಕೊಂಡೆ. ಮೂರಕ್ಕೂ ಬೊಟ್ಟು. ಮೂರೂ ಬೊಟ್ಟು ಬಾಗಿಲ ಕಡೆಗೇ. ಮೀಟರಿಟ್ಟೆ. ಎರಡು ಸೆಲ್ಲಿನ ಶಕ್ತಿ ಬೇಡುವ ಯಂತ್ರಕ್ಕೆ ಮೂರರ ಶಕ್ತಿ ನುಗ್ಗಿಸಿದ್ದೆ. ಎಲ್ಲ ಗೊತ್ತಾಯಿತು.

ಒರೆಸಿದ ಮೇಲೆ ಯೋಚನೆ ಬಂತೋ, ಯೋಚನೆ ಬಂದ ಮೇಲೆ ಒರೆಸಿದೆನೋ — ಇಲ್ಲ, ಇಲ್ಲಿ ನುಣುಚಿಕೊಳ್ಳುವುದು ಬೇಡ. ಯೋಚಿಸಿಯೇ ಒರೆಸಿದೆ. ಪೆಟ್ರೋಲು ಹಾಕಿದ ಬಟ್ಟೆಯಲ್ಲಿ ಮೂರು ಬೊಟ್ಟುಗಳನ್ನೂ ಒರೆಸಿದೆ. ತಿರುಗಿ ನಿಂತು ಹೇಳಿದೆ:

"ಸೆಲ್ಲು ಉಲ್ಟಾ ಬಿದ್ದದ ಕಣಣ್ಣ. ಅತ್ಗೆ ನೋಡ್ದೆ ಆಕವ್ರೆ."

ಅವರ ಹೆಂಡತಿ ಆ ಹೊತ್ತಿಗೆ ಮಿಷನ್ನು ಬಿಟ್ಟು ಬೀದಿ ದಾಟಿ ನನ್ನ ಬಾಗಿಲಿಗೆ ಬಂದಿದ್ದರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. "ಇಲ್ಲ ಮಾದಣ್ಣ, ಬೊಟ್ಟು ನೋಡ್ಕಂಡೇ ಆಕಿದ್ದು. ನೀವೇ ನೋಡಿ, ಬೊಟ್ಟದ" ಎಂದರು. ನಾನು ಅಂಗೈ ಚಾಚಿದೆ. ಮೂರೂ ಸೆಲ್ಲು ತೊಳೆದ ಹಾಗಿದ್ದವು. "ಎಲ್ಲದ ಅತ್ಗೆ ಬೊಟ್ಟು?" ಎಂದೆ.

ಅವರು ಸೆಲ್ಲನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದರು. ತಮ್ಮ ಬೆರಳನ್ನೂ ನೋಡಿಕೊಂಡರು. "ಇಟ್ಟಿದ್ನಲ್ಲ..." ಎಂದರು. ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ — "ಇಟ್ಟಿದ್ದೆ ಅನ್ಕಂಡ್ನಾ?"

ನನ್ನ ಮೇಲೆ ಅವರಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಬಂದಿದ್ದರೆ ಜಗಳವಾಡುತ್ತಿದ್ದರು, ನನ್ನ ಸುಳ್ಳು ಅಲ್ಲೇ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಅವರು ಅನುಮಾನಪಟ್ಟದ್ದು ತಮ್ಮ ಮೇಲೆ.

ನಂಜಪ್ಪಣ್ಣ ಎದ್ದರು. ಗಿರಾಕಿಯ ಮುಂದೆಯೇ ಹೇಳಿದರು — "ಸೆಲ್ಲು ಆಕಾಕ್ ಬರ್ದವ್ಳು ಮೋಟಾರ್ ಮಿಷನ್ನು ಓಡಿಸ್ತಾಳಂತೆ. ನಾಳೆ ಅದ್ನೂ ಸುಟ್ಟು ಅಂಗ್ಡಿಗೆ ಬೆಂಕಿ ಇಕ್ತಾಳ. ಸಾಕು, ಒಳೀಕೆ ಓಗು." ಅವರಿಗೆ ಇಂಥದೊಂದು ಕಾರಣ ಬೇಕಾಗಿತ್ತು. ಬೇಕಾಗಿತ್ತೆಂದು ನನಗೆ ಗೊತ್ತಿತ್ತು, ಆ ಕಾರಣವನ್ನು ಕೈಗೆ ಇಟ್ಟವನು ನಾನು.

ಮರುದಿನ ಅವರೇ ನನ್ನನ್ನು ಕರೆಸಿ ಮೋಟಾರು ಬಿಚ್ಚಿಸಿದರು. ಬಿಚ್ಚಿದೆ. ಹೆಂಡತಿ ಬಾಗಿಲ ಹಿಂದೆ ನಿಂತಿದ್ದರು. ನಾನು ತಿರುಪುಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡು ಬಂದೆ.

ನಂಜಪ್ಪಣ್ಣನ ಕೈ ಲೋಟ ಹಿಡಿಯುವಷ್ಟಕ್ಕೇ ನಿಂತಿತು, ಕತ್ತರಿಯವರೆಗೆ ಬರಲಿಲ್ಲ. ಆಟ ಉಳಿದಿದ್ದರೆ ಬರುತ್ತಿತ್ತೋ ಏನೋ, ಅದನ್ನು ನಾನು ಹೇಳಲಾರೆ. ವರ್ಷದೊಳಗೆ ಮಿಷನ್ನು ಮಾರಿ ಮಳಿಗೆ ಬಿಟ್ಟರು. ರವಿಕೆ ಹೊಲಿಯುತ್ತಿದ್ದ ಕೈ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಯಿತು. ಹೂ ತುಂಬಿದ ಆಟೋದಲ್ಲಿ ಹೆಂಗಸರ ನಡುವೆ ನಿಂತು ಹೋಗುವುದನ್ನು ಅಂಗಡಿಯಿಂದ ನೋಡುತ್ತಿದ್ದೆ. ನೋಡಿ, ಬೆಸುಗೆ ಕಡ್ಡಿ ಎತ್ತಿಕೊಂಡು ಕೆಲಸಕ್ಕೆ ತಿರುಗುತ್ತಿದ್ದೆ.

ಹೇಳಲು ಒಂದು ಅವಕಾಶ ಸಿಕ್ಕಿತ್ತು. ಐದಾರು ವರ್ಷ ಕಳೆದ ಮೇಲೆ, ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ನಂಜಪ್ಪಣ್ಣನ ಹೆಂಡತಿಯೇ ನನ್ನನ್ನು ಗುರುತಿಸಿ ಬಂದು ಪಕ್ಕದಲ್ಲಿ ಕೂತರು. ನನ್ನ ಮಕ್ಕಳನ್ನೆಲ್ಲ ವಿಚಾರಿಸಿದರು. ಮಾತಿಗೆ ಮಾತು ಬಂದು ನಕ್ಕರು. "ನಮ್ ಮನೇಲಿ ಟೀವಿ ರಿಮೋಟಿಗೂ ಪಕ್ಕದ್ಮನೆ ಹುಡ್ಗೀನೇ ಕರ್ದು ಸೆಲ್ಲು ಆಕುಸ್ಕತೀನಿ ಕಣ ಮಾದಣ್ಣ. ನನ್ ಕೈಗೆ ಕರೆಂಟು ಆಗ್ಬರಲ್ಲ. ಅವತ್ತು ನೋಡಿಲ್ವ, ಅವ್ರ ಆಟನೇ ಸುಟ್ಬುಟ್ಟೆ."

ಬಾಯಲ್ಲಿ ಮಾತು ಸಿದ್ಧವಿತ್ತು. ಎರಡೇ ಮಾತು — ಸುಟ್ಟವನು ನಾನು, ನೀವಲ್ಲ. ಅವರು ಹೋಗಬೇಕಿದ್ದ ಗುಂಡ್ಲುಪೇಟೆ ಬಸ್ಸು ಬಂತು. ಬಸ್ಸಿಗೇನು, ಅರ್ಧ ಗಂಟೆಗೊಂದು ಬರುತ್ತದೆ. "ಬುಡಿ ಅತ್ಗೆ, ಅಳೇದು" ಎಂದೆ. ನನ್ನ ತಪ್ಪಿಗೆ ಅವರಿಗೆ ಸಮಾಧಾನ ಹೇಳಿದೆ. ಅವರು ಬಸ್ಸು ಹತ್ತಿದರು. ಕುಂಕುಮ ಒರೆಸಿದ್ದಕ್ಕಿಂತ ಇದು ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಅಂದು ಗಿರಾಕಿಯಿದ್ದ, ಅವಮಾನದ ಭಯವಿತ್ತು. ಇಲ್ಲಿ ಗುರುತಿನವರು ಯಾರೂ ಇರಲಿಲ್ಲ.

ನಂಜಪ್ಪಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಹೆಂಡತಿಯ ಕೈ ಸರಿಯಿಲ್ಲ ಎಂದು ನಂಬಿಕೊಂಡೇ ಹೋದರು. ಅದನ್ನು ಇನ್ನು ಯಾರೂ ತಿದ್ದಲಾರರು. ಆಕೆ ಇದ್ದಾರೆ, ಗುಂಡ್ಲುಪೇಟೆಯಲ್ಲೇ, ತಂಗಿಯ ಮನೆಯಲ್ಲಿ. ನಾನು ಹೋಗುತ್ತೇನೆ. ಹಳೆಯ ಬೀದಿಯವರು ನಾಲ್ಕು ಜನ ಉಳಿದಿದ್ದಾರೆ, ಅವರನ್ನೂ ಕರೆದು ಎದುರಿಗೇ ಹೇಳುತ್ತೇನೆ. ಸುಳ್ಳನ್ನು ಜನರ ಮುಂದೆ ಹೇಳಿದ್ದೆ, ನಿಜವನ್ನು ಮೂಲೆಯಲ್ಲಿ ಪಿಸುಗುಟ್ಟಿದರೆ ಸಾಲದು. ಆಕೆ ಬಾಗಿಲು ಹಾಕಿಕೊಂಡರೆ, ಬೀದಿಯಲ್ಲೇ ನಿಂತು ಹೇಳಿ ಬರುತ್ತೇನೆ. ಬೈಯುವ ಹಕ್ಕು ಅವರದು, ಮನ್ನಿಸಿ ಎಂದು ಕಾಡುವ ಹಕ್ಕು ನನಗಿಲ್ಲ.

ಮೊದಲು ಅವರಿಗೆ ಹೇಳಬೇಕಾದದ್ದನ್ನು ನಿಮಗೆ ಹೇಳಿದ್ದೇನೆ — ಅದೂ ಸರಿಯಲ್ಲ. ಬರೆದಿಟ್ಟರೆ ಹಿಂದೆ ಸರಿಯಲು ಆಗುವುದಿಲ್ಲ ಎಂದು ಬರೆದೆ. ಇಷ್ಟುದ್ದಕ್ಕೂ ಅವರನ್ನು ನಂಜಪ್ಪಣ್ಣನ ಹೆಂಡತಿ ಎಂದೇ ಕರೆದೆ, ಬೀದಿಯಲ್ಲಿ ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಆದರೆ ತಪ್ಪು ಹೊರಿಸಿದ್ದು ಯಾರದೋ ಹೆಂಡತಿಯ ಮೇಲಲ್ಲ. ನಾನು ಇವತ್ತಿನವರೆಗೂ ಕ್ಷಮೆ ಕೇಳದ ಆ ಹೆಣ್ಣುಮಗಳ ಹೆಸರು ಚಿಕ್ಕತಾಯಮ್ಮ.